ಸಂಗೀತ ಪೀರಿಯಡ್‌ಗೆ ಯುಕುಲೇಲೆ ಬಂದರೆ

ಶಾಲೆಯಿಂದ ಬಂದ ಮಗು ಬ್ಯಾಗಿನಿಂದ ಒಂದು ಚೀಟಿ ತೆಗೆದು ಕೊಡುತ್ತದೆ. ಸಂಗೀತ ಪೀರಿಯಡ್‌ಗೆ ಯುಕುಲೇಲೆ ಬೇಕಂತೆ, ಸೊಪ್ರಾನೊ ಅಥವಾ ಕಾನ್ಸರ್ಟ್ ಸೈಜಿನದು. ಅಮ್ಮ ಭಜನೆ ಹಾಡುತ್ತಾರೆ, ಅಜ್ಜನಿಗೆ ಯಕ್ಷಗಾನದ ಹುಚ್ಚು, ಪಕ್ಕದ ಮನೆಯಲ್ಲಿ ಕೊಂಕಣಿ ಹಾಡಿಗೆ ಗಿಟಾರ್ ನುಡಿಸುವವರಿದ್ದಾರೆ. ಆದರೂ ಈ ಹೆಸರು ಯಾರಿಗೂ ಸರಿಯಾಗಿ ಗೊತ್ತಿಲ್ಲ. "ಆಟದ ಸಾಮಾನಾ ಅದು?" ಅಂತ ಅಜ್ಜ ಕೇಳಿದರೆ ತಪ್ಪೇನಿಲ್ಲ. ನೋಡುವುದಕ್ಕೆ ಹಾಗೇ ಇದೆ.

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಇಂಥ ಚೀಟಿ ಕೈಗೆ ಬಂದ ಅಪ್ಪ ಅಮ್ಮಂದಿರಿಗೆ, "ಈ ವರ್ಷದಿಂದ ನೀವೇ ಕಲಿಸಿ" ಅಂತ ಹೇಳಿಸಿಕೊಂಡ ಟೀಚರ್‌ಗಳಿಗೆ ಈ ಬರಹ. ವಾದ್ಯ ಎಂಥದ್ದು, ಮೂವತ್ತು ನಲವತ್ತು ಮಕ್ಕಳಿಗೆ ಒಟ್ಟಿಗೆ ಅದನ್ನು ಹೇಗೆ ಕಲಿಸುತ್ತಾರೆ, ನಮ್ಮ ಸರಿಗಮಕ್ಕೂ ಅದಕ್ಕೂ ಏನು ಸಂಬಂಧ ಅನ್ನುವುದನ್ನು ಬುಡದಿಂದ ನೋಡೋಣ.

ಚಿಕ್ಕ ಗಿಟಾರ್ ಅಲ್ವಾ?

ಆಕಾರ ಗಿಟಾರಿನದೇ. ಆದರೆ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ತಂತಿಗಳು ಲೋಹದ್ದಲ್ಲ, ನೈಲಾನಿನಂಥ ಮೆತ್ತನೆಯ ವಸ್ತುವಿನದು. ಎಂಟು ವರ್ಷದ ಮಗುವಿನ ಬೆರಳಿಗೆ ಇದು ದೊಡ್ಡ ವ್ಯತ್ಯಾಸ. ಸ್ಟೀಲ್ ತಂತಿಯ ಗಿಟಾರನ್ನು ಹತ್ತು ನಿಮಿಷ ಒತ್ತಿ ಹಿಡಿದ ಮಗು ಬೆರಳ ತುದಿ ನೋಡಿಕೊಂಡು ಅಳುಮುಖ ಮಾಡುತ್ತದೆ. ಇಲ್ಲಿ ತುದಿಯಲ್ಲಿ ಒಂದು ಕೆಂಪು ಗೆರೆ ಮೂಡುತ್ತದೆ, ಸ್ವಲ್ಪ ಹೊತ್ತಲ್ಲಿ ಮಾಯವಾಗುತ್ತದೆ.

ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿವೆ. ಅವೇ ಫ್ರೆಟ್. ವೀಣೆಯಲ್ಲಿ 24 ಮೆಟ್ಟಿಲು ಇರುತ್ತವಲ್ಲ, ಅದೇ ಕೆಲಸ. ಒಂದು ಫ್ರೆಟ್ ಮುಂದೆ ಹೋದರೆ ಒಂದು ಸ್ವರಸ್ಥಾನ ಮೇಲೆ. 12ನೆಯ ಫ್ರೆಟ್ ಸರಿಯಾಗಿ ತಂತಿಯ ಅರ್ಧಕ್ಕೆ ಬರುತ್ತದೆ. ಅಲ್ಲಿ ಒತ್ತಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ.

ಸೈಜುಗಳು ಮುಖ್ಯವಾಗಿ ನಾಲ್ಕು. ಸೊಪ್ರಾನೊ ಸುಮಾರು 21 ಇಂಚು, ಕಾನ್ಸರ್ಟ್ 23, ಟೆನರ್ 26. ಬ್ಯಾರಿಟೋನ್ ಇನ್ನೂ ದೊಡ್ಡದು, ಅದರ ಶ್ರುತಿಯೇ ಬೇರೆ. "ದೊಡ್ಡದು ತಗೊಂಡರೆ ಮುಂದಕ್ಕೂ ಆಗುತ್ತದೆ" ಅಂತ ಯೂನಿಫಾರ್ಮ್ ಕೊಳ್ಳುವ ಲೆಕ್ಕದಲ್ಲಿ ಬ್ಯಾರಿಟೋನ್ ಕೊಂಡರೆ ಮಗು ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆಯೇ ಬೆರಳು ಇಟ್ಟರೂ ಬೇರೆ ಸ್ವರ ಬರುತ್ತದೆ. ಪ್ರಾಥಮಿಕ ಶಾಲೆಗೆ ಸೊಪ್ರಾನೊ ಸಾಕು. ಐದನೆಯ ಕ್ಲಾಸಿನ, ಕೈ ಸ್ವಲ್ಪ ದೊಡ್ಡದಿರುವ ಮಗುವಿಗೆ ಕಾನ್ಸರ್ಟ್ ಆರಾಮ. ಎರಡಕ್ಕೂ ಶ್ರುತಿ ಒಂದೇ, ಹಾಗಾಗಿ ಒಂದೇ ಕ್ಲಾಸಿನಲ್ಲಿ ಬೆರೆತರೂ ತೊಂದರೆಯಿಲ್ಲ.

ಎಲ್ಲಿಂದ ಬಂತು

1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರ್ಯಾಗ್ ಅನ್ನುವ ಹಡಗು ಹವಾಯಿಯ ಹೊನೊಲುಲು ತಲುಪಿತು. ಪೋರ್ಚುಗಲ್‌ಗೆ ಸೇರಿದ ಮಡೀರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆ ಹೊರಟ ಜನ ಅದರಲ್ಲಿದ್ದರು. ಅವರ ಊರಿನ ಮಶೆಟ್ ಎಂಬ ಪುಟ್ಟ ತಂತಿವಾದ್ಯವೂ ಅವರ ಜೊತೆ ಬಂತು. ಅದೇ ಹಡಗಿನಲ್ಲಿ ಬಂದ ಮೂವರು ಮರಗೆಲಸದವರು, ಮನುಯೆಲ್ ನೂನೆಸ್, ಆಗುಸ್ತೊ ಡಿಯಾಸ್ ಮತ್ತು ಜೋಸೆ ದೊ ಎಸ್ಪಿರಿತು ಸಾಂತೊ, ಮುಂದೆ ಹವಾಯಿಯಲ್ಲಿ ಈ ವಾದ್ಯ ಮಾಡುವುದರಲ್ಲಿ ಹೆಸರಾದರು. ಹವಾಯಿಯ ರಾಜ ಕಲಾಕೌವ ಇದನ್ನು ಮೆಚ್ಚಿ ಆಸ್ಥಾನದಲ್ಲಿ ನುಡಿಸಿಸಿದ. ಪೋರ್ಚುಗೀಸರ ಹೆಸರು ನಮ್ಮ ಕರಾವಳಿಗೆ ಹೊಸತಲ್ಲ, ಆದರೆ ಈ ವಾದ್ಯದ ದಾರಿ ಮಾತ್ರ ಪೂರಾ ಬೇರೆ.

ಶಾಲೆಯ ಕ್ಲಾಸಿಗೆ ಇದನ್ನು ದೊಡ್ಡ ಮಟ್ಟದಲ್ಲಿ ತಂದವರಲ್ಲಿ ಕೆನಡಾದ ಜೆ. ಚಾಮರ್ಸ್ ಡೋನ್ ಮುಖ್ಯರು. 1960ರ ದಶಕದಲ್ಲಿ ಹ್ಯಾಲಿಫ್ಯಾಕ್ಸ್ ಊರಿನ ಶಾಲೆಗಳಲ್ಲಿ ಅವರು ಶುರು ಮಾಡಿದ ಕ್ರಮ ಕೆನಡಾದ ಉದ್ದಗಲಕ್ಕೂ ಹಬ್ಬಿತು. ಅದಕ್ಕೂ ಮುಂಚೆ, ಈಗಲೂ, ಎಷ್ಟೋ ದೇಶಗಳ ಶಾಲೆಗಳಲ್ಲಿ ಮಕ್ಕಳ ಮೊದಲ ವಾದ್ಯ ರೆಕಾರ್ಡರ್, ಅಂದರೆ ಊದುವ ಪ್ಲಾಸ್ಟಿಕ್ ಕೊಳಲು. ಊದುವಾಗ ಹಾಡುವುದಕ್ಕೆ ಆಗುವುದಿಲ್ಲ. ಯುಕುಲೇಲೆಯಲ್ಲಿ ಬಾಯಿ ಖಾಲಿ ಇರುತ್ತದೆ.

ಈ ಕ್ಲಾಸನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಇದೊಂದು ಮಾತು ನೆನಪಿಟ್ಟರೆ ಸಾಕು. ಇಲ್ಲಿ ಮಕ್ಕಳು ಹಾಡುತ್ತಾರೆ, ವಾದ್ಯ ಹಾಡಿಗೆ ಜೊತೆ ಕೊಡುತ್ತದೆ. ಬೆರಳಿನ ಚಳಕ ಆಮೇಲಿನ ಮಾತು.

ನಾಲ್ಕು ತಂತಿಯಲ್ಲಿ ಮೋಹನ

ವಾದ್ಯ ಹಿಡಿದಾಗ ನಮ್ಮ ಮುಖದ ಕಡೆಯಿಂದ ಕೆಳಕ್ಕೆ ತಂತಿಗಳ ಹೆಸರು ಜಿ, ಸಿ, ಇ, ಎ. ಇಂಗ್ಲಿಷ್ ಅಕ್ಷರ ಕಂಡು ಹೆದರಬೇಕಾಗಿಲ್ಲ. ಸಿ ಅಂದರೆ ಹಾರ್ಮೋನಿಯಂನ ಬಿಳಿ ಒಂದು. ಅದನ್ನೇ ಷಡ್ಜ ಅಂತ ಇಟ್ಟುಕೊಳ್ಳಿ. ಆಗ ನಾಲ್ಕು ತಂತಿಗಳು ಪ, ಸ, ಗ, ದ ಆಗುತ್ತವೆ. ಗ ಅಂತರ ಗಾಂಧಾರ, ದ ಚತುಃಶ್ರುತಿ ಧೈವತ.

ಇಲ್ಲೊಂದು ವಿಚಿತ್ರ ಇದೆ. ಗಿಟಾರಿನಲ್ಲಿ ಮೇಲಿನ ತಂತಿ ಎಲ್ಲಕ್ಕಿಂತ ತಗ್ಗು. ಇಲ್ಲಿ ಮೇಲಿರುವ ಪ ತಂತಿ, ಅದರ ಪಕ್ಕದ ಸ ತಂತಿಗಿಂತ ಎತ್ತರದ ಸ್ವರ. ಸ ತಂತಿಯೇ ಎಲ್ಲಕ್ಕಿಂತ ತಗ್ಗು. ಯುಕುಲೇಲೆಯ ಆ ಕಿಲಕಿಲ ಸದ್ದಿಗೆ ಈ ಜೋಡಣೆ ದೊಡ್ಡ ಕಾರಣ. ನಾಲ್ಕೂ ಸ್ವರಗಳು ಹತ್ತಿರ ಹತ್ತಿರ ಇವೆ, ತಗ್ಗಿನ ಗುಂಯ್ ಅನ್ನುವ ಸದ್ದು ಇಲ್ಲ.

ಈಗ ಸ ತಂತಿಯ ಎರಡನೆಯ ಫ್ರೆಟ್ ಒತ್ತಿ. ರಿ ಬಂತು. ದ ತಂತಿಯ ಮೂರನೆಯ ಫ್ರೆಟ್ ಒತ್ತಿ. ಮೇಲಿನ ಸ ಬಂತು. ಸ ರಿ ಗ ಪ ದ ಸ. ಇದು ಮೋಹನ ರಾಗದ ಆರೋಹಣ ಅಲ್ವಾ? ಅಷ್ಟೂ ಸ್ವರಗಳು ಎರಡೇ ಕಡೆ ಬೆರಳಿಟ್ಟರೆ ಸಿಗುತ್ತವೆ, ಉಳಿದದ್ದು ಖಾಲಿ ತಂತಿಯಲ್ಲೇ ಇದೆ. ಕರ್ನಾಟಕ ಸಂಗೀತಕ್ಕೆ ಹೋಗುವ ಮಗುವಿಗೆ ಮೋಹನದ ಗೀತೆ ಬೇಗನೇ ಸಿಗುತ್ತದೆ. ಯಕ್ಷಗಾನ ನೋಡಿ ಬೆಳೆದ ಮಗುವಿನ ಕಿವಿಗೂ ಈ ರಾಗ ಹೊಸತಲ್ಲ. ನಮ್ಮ ಊರಿನ ಟೀಚರ್‌ಗಳು ಈ ಗಂಟನ್ನು ಮೊದಲ ದಿನವೇ ಬಿಚ್ಚಬೇಕು ಅಂತ ನನಗನಿಸುತ್ತದೆ. ಬೇರೆ ದೇಶದ ಪುಸ್ತಕ ಹಿಡಿದು ಮಗುವಿಗೆ ಗೊತ್ತೇ ಇಲ್ಲದ ಹಾಡಿನಿಂದ ಯಾಕೆ ಶುರು ಮಾಡಬೇಕು?

ಐದು ಸ್ವರದ ರಾಗಕ್ಕೆ ಇನ್ನೊಂದು ಅನುಕೂಲ ಇದೆ. ಈ ಐದರಲ್ಲಿ ಯಾವ ಎರಡು ಸ್ವರ ಒಟ್ಟಿಗೆ ಬಾರಿಸಿದರೂ ಕಿವಿಗೆ ಚುಚ್ಚುವುದಿಲ್ಲ. ನಲವತ್ತು ಮಕ್ಕಳಲ್ಲಿ ಹತ್ತು ಜನ ತಪ್ಪು ತಂತಿ ಮೀಟಿದರೂ ಒಟ್ಟು ಸದ್ದು ಕೆಡುವುದಿಲ್ಲ. ಜರ್ಮನಿಯ ಕಾರ್ಲ್ ಓರ್ಫ್ ಮಕ್ಕಳ ಸಂಗೀತಕ್ಕೆ ಐದು ಸ್ವರದ ಶ್ರೇಣಿಗಳಿಂದ ಶುರು ಮಾಡಿದ್ದರ ಹಿಂದೆಯೂ ಇದೇ ಯೋಚನೆ ಇತ್ತು.

ಹಾಗಂತ ಇದು ಕರ್ನಾಟಕ ಸಂಗೀತದ ಕ್ಲಾಸಿಗೆ ಬದಲಿ ಅಲ್ಲ. ವೀಣೆಯಲ್ಲಿ ತಂತಿಯನ್ನು ಎಳೆದು ಗಮಕ ತರುವ ಹಾಗೆ ಇಲ್ಲಿ ತರಲು ಬರುವುದಿಲ್ಲ. ತಂತಿ ಗಿಡ್ಡ, ಫ್ರೆಟ್ ತಗ್ಗು. ಸ್ವರಗಳು ಬಿಡಿಬಿಡಿಯಾಗಿ ಟಿಂಗ್ ಟಿಂಗ್ ಅಂತಲೇ ಕೇಳುತ್ತವೆ.

ಕಾರ್ಡ್ ಅಂದರೆ ಏನು?

ನಮ್ಮ ಸಂಗೀತದಲ್ಲಿ ಹಾಡು ಒಂದು ಎಳೆಯಲ್ಲಿ ಸಾಗುತ್ತದೆ. ಒಂದು ಸಲಕ್ಕೆ ಒಂದು ಸ್ವರ. ಹಿಂದೆ ಶ್ರುತಿಪೆಟ್ಟಿಗೆ ಸ ಮತ್ತು ಪ ಹಿಡಿದುಕೊಂಡಿರುತ್ತದೆ, ಕೊನೆಯ ತನಕ ಬದಲಾಗುವುದಿಲ್ಲ. ಆ ಸ, ಪ ಜೊತೆಗೆ ಗ ಸೇರಿಸಿ ಮೂರನ್ನೂ ಒಟ್ಟಿಗೆ ಹಿಡಿಯಿರಿ. ಅದೇ ಸಿ ಕಾರ್ಡ್. ಹೀಗೆ ಮೂರೋ ನಾಲ್ಕೋ ಸ್ವರಗಳ ಗುಂಪನ್ನು ಒಟ್ಟಿಗೆ ಬಾರಿಸಿದರೆ ಕಾರ್ಡ್. ಹಾಡು ಮುಂದೆ ಹೋದ ಹಾಗೆ ಈ ಗುಂಪು ಬದಲಾಗುತ್ತದೆ. ಮ, ದ, ಸ ಸೇರಿದರೆ ಎಫ್. ಪ, ನಿ, ರಿ, ಮ ಸೇರಿದರೆ ಜಿ ಸೆವೆನ್. ದ, ಸ, ಗ ಸೇರಿದರೆ ಎ ಮೈನರ್.

ಚರ್ಚಿನ ಕಾಯರ್‌ನಲ್ಲಿ ಹಾಡುವ ಮನೆಯ ಮಕ್ಕಳಿಗೆ ಈ ಬದಲಾವಣೆ ಕಿವಿಯಲ್ಲೇ ಇರುತ್ತದೆ. "ಈಗ ಬದಲಾಗಬೇಕು" ಅಂತ ಹೇಳದೆಯೇ ಗೊತ್ತಾಗುತ್ತದೆ. ಭಜನೆಯ ಮನೆಯಿಂದ ಬಂದ ಮಕ್ಕಳಿಗೆ ತಾಳ ಗಟ್ಟಿ, ಆದರೆ ಕಾರ್ಡ್ ಬದಲಾದದ್ದು ಶುರುವಿನಲ್ಲಿ ಕೇಳಿಸುವುದೇ ಇಲ್ಲ. ಎರಡೂ ಥರದವರು ಒಂದೇ ಬೆಂಚಿನಲ್ಲಿ ಕೂರುವ ಊರು ನಮ್ಮದು, ಅದು ಕ್ಲಾಸಿಗೆ ಒಳ್ಳೆಯದೇ.

ಎಲ್ಲ ಹಾಡಿಗೂ ಕಾರ್ಡ್ ಸುಲಭವಾಗಿ ಕೂರುವುದಿಲ್ಲ. ಶಂಕರಾಭರಣದ ಸ್ವರಗಳಲ್ಲಿ, ಮೋಹನದಲ್ಲಿ ಇರುವ ಹಾಡಿಗೆ ಸಿ, ಎಫ್, ಜಿ ಸೆವೆನ್ ಸಲೀಸಾಗಿ ಕೂರುತ್ತವೆ. ಆದರೆ ಸರಳೆ ವರಸೆ ಕಲಿಸುವ ಮಾಯಾಮಾಳವಗೌಳದಲ್ಲಿ ರಿ ಮತ್ತು ದ ಎರಡೂ ಶುದ್ಧ, ಅಂದರೆ ಮೋಹನದ ರಿ, ದಗಳಿಗಿಂತ ಒಂದು ಫ್ರೆಟ್ ತಗ್ಗು. ಅದಕ್ಕೆ ಹೊಂದುವ ಕಾರ್ಡ್‌ಗಳಿಗೆ ಮೂರು ನಾಲ್ಕು ಬೆರಳು ಬೇಕು. "ಸರಳೆ ವರಸೆಯಿಂದಲೇ ಶುರು ಮಾಡಿ" ಅಂತ ಮನೆಯವರು ಕೇಳಿದಾಗ ಟೀಚರ್ ಬೇಡ ಅನ್ನುವುದು ಇದೇ ಕಾರಣಕ್ಕೆ.

ಮೊದಲ ಕೆಲವು ಪೀರಿಯಡ್‌ಗಳು

ಮೊದಲ ಪಾಠ ನುಡಿಸುವುದಲ್ಲ, ನುಡಿಸದೇ ಇರುವುದು. ವಾದ್ಯವನ್ನು ತೊಡೆಯ ಮೇಲೆ ತಂತಿ ಕೆಳಗೆ ಮಾಡಿ ಮಲಗಿಸುವ ಒಂದು ಭಂಗಿ ಹೇಳಿಕೊಡುತ್ತಾರೆ. ಟೀಚರ್ ಮಾತಾಡುವಾಗ ಎಲ್ಲರದ್ದೂ ಹಾಗೇ ಇರಬೇಕು. ಇದನ್ನು ಮೊದಲೇ ಗಟ್ಟಿ ಮಾಡದಿದ್ದರೆ ನಲವತ್ತು ಮಕ್ಕಳು ಸುಮ್ನೆ ಟಂಯ್ ಟಂಯ್ ಅಂತ ಗೀರುತ್ತಾ ಕೂರುತ್ತಾರೆ, ಟೀಚರ್ ಗಂಟಲು ಹರಿದುಕೊಳ್ಳಬೇಕಾಗುತ್ತದೆ. ಡೆಸ್ಕ್ ಸೇರಿಕೊಂಡೇ ಇರುವ ಬೆಂಚುಗಳಲ್ಲಿ ವಾದ್ಯದ ಕುತ್ತಿಗೆ ಪಕ್ಕದವರ ಕಿವಿಗೆ ತಾಗುತ್ತದೆ. ಹಾಲ್‌ನಲ್ಲೋ ವರಾಂಡದಲ್ಲೋ ಜಮಖಾನ ಹಾಸಿ ಕೂರಿಸುವುದು ವಾಸಿ.

ಆಮೇಲೆ ಹಿಡಿಯುವುದು. ಬಲಗೈಯ ಮೊಣಕೈ ಮುಂದಿನ ಭಾಗ ವಾದ್ಯವನ್ನು ಎದೆಗೆ ಒತ್ತಿ ಹಿಡಿಯಬೇಕು. ಎಡಗೈಯ ಹೆಬ್ಬೆರಳು ಕುತ್ತಿಗೆಯ ಹಿಂದೆ. ಎಡಗೈ ಪೂರ್ತಿ ಬಿಟ್ಟರೂ ವಾದ್ಯ ಬೀಳಬಾರದು, ಇದೇ ಪರೀಕ್ಷೆ. ಬೀಳುತ್ತದೆ ಅನ್ನುವ ಮಗು ಎಡಗೈಯಲ್ಲೇ ವಾದ್ಯ ಹೊರುತ್ತದೆ, ಹೊರುವ ಕೈಗೆ ತಂತಿ ಒತ್ತುವುದಕ್ಕೆ ಆಗುವುದಿಲ್ಲ. ಒಂದು ಬಟ್ಟೆಯ ಪಟ್ಟಿ ಕಟ್ಟಿಕೊಟ್ಟರೆ ಈ ಕಷ್ಟ ಅರ್ಧ ಕಡಿಮೆ.

ಬಲಗೈಯ ತೋರುಬೆರಳಿನ ಉಗುರಿನಿಂದ ಮೇಲಿಂದ ಕೆಳಕ್ಕೆ ಸವರುವುದನ್ನು ಸ್ಟ್ರಮ್ ಅನ್ನುತ್ತಾರೆ. ಎಲ್ಲಿ ಸವರಬೇಕು? ತೂತಿನ ಮೇಲಲ್ಲ. ಕುತ್ತಿಗೆ ಮತ್ತು ಹೊಟ್ಟೆ ಸೇರುವ ಜಾಗದಲ್ಲಿ. ಅಲ್ಲಿ ಸದ್ದು ಮೆತ್ತಗೆ, ತುಂಬಿಕೊಂಡು ಬರುತ್ತದೆ. ತೋಳು ಬೀಸುವುದು ಬೇಡ, ಮಣಿಕಟ್ಟು ತಿರುಗಿದರೆ ಸಾಕು. ಶುರುವಿನ ಒಂದೆರಡು ವಾರ ಎಡಗೈಗೆ ಕೆಲಸವೇ ಇಲ್ಲ. ಖಾಲಿ ತಂತಿಗಳನ್ನೇ ತಾಳಕ್ಕೆ ಸರಿಯಾಗಿ ಸವರುತ್ತಾ ಹಾಡುತ್ತಾರೆ. ಪ ಸ ಗ ದ ಒಟ್ಟಿಗೆ ಕೇಳುವುದಕ್ಕೆ ಚಂದವೇ ಇದೆ, ಅದೂ ಒಂದು ಕಾರ್ಡೇ. ಆದಿತಾಳದ ಎಂಟು ಅಕ್ಷರ ಬಾಯಲ್ಲಿ ಎಣಿಸುತ್ತಾ ಎಂಟು ಸಲ ಕೆಳಕ್ಕೆ ಸವರಿದರೆ ಒಂದು ಆವರ್ತ. ಅದು ಕೂತ ಮೇಲೆ ಅಕ್ಷರಗಳ ನಡುವೆ ಕೆಳಗಿನಿಂದ ಮೇಲಕ್ಕೆ ಒಂದೊಂದು ಸೇರಿಸುತ್ತಾರೆ.

ಮೊದಲ ಕಾರ್ಡ್ ಸಾಮಾನ್ಯವಾಗಿ ಸಿ. ದ ತಂತಿಯ ಮೂರನೆಯ ಫ್ರೆಟ್‌ಗೆ ಉಂಗುರದ ಬೆರಳು, ಅಷ್ಟೇ. ಮೋಹನದ ಮೇಲಿನ ಸ ನುಡಿಸಿದ್ದೂ ಅಲ್ಲೇ. ಬೆರಳಿಗೆ ಆ ಜಾಗ ಆಗಲೇ ಗೊತ್ತಿರುತ್ತದೆ. ಇಲ್ಲಿ ಎರಡು ಗೊಂದಲ ಖಾಯಂ. ಹಾರ್ಮೋನಿಯಂ ಕಲಿತ ಮಗುವಿಗೆ ಒಂದನೆಯ ಬೆರಳು ಅಂದರೆ ಹೆಬ್ಬೆರಳು. ಇಲ್ಲಿ ಒಂದು ಅಂದರೆ ತೋರುಬೆರಳು, ಹೆಬ್ಬೆರಳಿಗೆ ಲೆಕ್ಕವೇ ಇಲ್ಲ. ಇನ್ನೊಂದು, "ಸಿ ಬಾರಿಸಿ" ಅಂದಾಗ ಕೆಲವರು ಸಿ ಕಾರ್ಡ್ ಬಿಟ್ಟು ಸಿ ತಂತಿ ಒಂದನ್ನೇ ಮೀಟುತ್ತಾರೆ. ಅದಕ್ಕೇ ಎಷ್ಟೋ ಟೀಚರ್‌ಗಳು ಕಾರ್ಡ್‌ಗೊಂದು ಬಣ್ಣದ ಚುಕ್ಕಿ ಸ್ಟಿಕ್ಕರ್ ಅಂಟಿಸಿ "ಕೆಂಪು ಬಾರಿಸಿ" ಅನ್ನುತ್ತಾರೆ.

ಸ್ವಲ್ಪ ಹೊತ್ತಿಗೆ ಒಂದು ಮೂಲೆಯಿಂದ ದೂರು ಬರುತ್ತದೆ. "ಟೀಚರ್, ನಂದು ಜರ್ ಅಂತ ಹೇಳ್ತದೆ." ವಾದ್ಯ ಹಾಳಾಗಿಲ್ಲ. ಬೆರಳು ಎಲ್ಲಿದೆ ನೋಡಿ. ಎರಡು ಪಟ್ಟಿಗಳ ನಡುವಿನ ಜಾಗದಲ್ಲಿ ಬೆರಳು ಹಿಂದೆ ಉಳಿದರೆ ತಂತಿ ಪಟ್ಟಿಗೆ ಸರಿಯಾಗಿ ಕೂರುವುದಿಲ್ಲ, ನಡುಗಿ ಜರ್ ಅನ್ನುತ್ತದೆ. ಪಟ್ಟಿಯ ಮೇಲೆಯೇ ಬೆರಳಿಟ್ಟರೆ ಸದ್ದು ಮುಚ್ಚಿಹೋಗುತ್ತದೆ. ಪಟ್ಟಿಗೆ ತಾಗಿದ ಹಾಗೆ, ಅದರ ಹಿಂದೆಯೇ ಇಟ್ಟರೆ ಸ್ವಲ್ಪ ಒತ್ತಿದರೂ ಸ್ವಚ್ಛವಾಗಿ ಕೇಳುತ್ತದೆ. ಎಡಗೈಯ ಉಗುರು ಉದ್ದ ಇದ್ದರೆ ಮಾತ್ರ ಏನು ಮಾಡಿದರೂ ಆಗದು, ಮನೆಯಲ್ಲಿ ಕತ್ತರಿಸಿ ಕಳಿಸಬೇಕು.

ಎರಡನೆಯದು ಎ ಮೈನರ್. ಅದಕ್ಕೂ ಒಂದೇ ಬೆರಳು, ಮೇಲಿನ ಪ ತಂತಿಯ ಎರಡನೆಯ ಫ್ರೆಟ್‌ಗೆ ಮಧ್ಯದ ಬೆರಳು. ಅದನ್ನು ಎತ್ತದೇ ಗ ತಂತಿಯ ಮೊದಲ ಫ್ರೆಟ್‌ಗೆ ತೋರುಬೆರಳು ಸೇರಿಸಿದರೆ ಎಫ್ ಆಯಿತು. ಈ "ಎತ್ತದೇ" ಅನ್ನುವುದೇ ಗುಟ್ಟು. ಮಕ್ಕಳು ಕಾರ್ಡ್ ಬದಲಿಸುವಾಗ ಎಲ್ಲ ಬೆರಳೂ ಎತ್ತಿ, ವಾದ್ಯ ತಿರುಗಿಸಿ ನೋಡಿ, ಮತ್ತೆ ಒಂದೊಂದಾಗಿ ಇಡುತ್ತಾರೆ. ಅಷ್ಟರಲ್ಲಿ ಹಾಡು ಎರಡು ಸಾಲು ಮುಂದೆ ಹೋಗಿರುತ್ತದೆ. ಒಂದು ಬೆರಳು ಕೂತಲ್ಲೇ ಕೂತರೆ ಉಳಿದದ್ದು ಅದನ್ನೇ ಗುರುತು ಮಾಡಿಕೊಂಡು ಜಾಗ ಹುಡುಕುತ್ತದೆ. ಜಿ ಸೆವೆನ್‌ಗೆ ಮೂರು ಬೆರಳು ಬೇಕು, ತ್ರಿಕೋನದ ಆಕಾರ. ಅದನ್ನು ಅವಸರ ಮಾಡದೇ ಮುಂದಿನ ಟರ್ಮ್‌ಗೆ ಇಟ್ಟುಕೊಂಡರೂ ನಷ್ಟವಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್

ಮೂರು ಕಾರ್ಡಿನ ಹಾಡನ್ನು ಒಂದೇ ಕಾರ್ಡ್ ಗೊತ್ತಿರುವ ಮಕ್ಕಳು ನುಡಿಸಬಹುದು. ಕಿಟಕಿ ಬದಿಯ ಸಾಲಿಗೆ ಸಿ, ನಡುವಿನ ಸಾಲಿಗೆ ಎಫ್, ಬಾಗಿಲ ಬದಿಯವರಿಗೆ ಜಿ ಸೆವೆನ್. ಎಲ್ಲರೂ ಹಾಡುತ್ತಾರೆ. ಟೀಚರ್ ಕೈ ತೋರಿಸಿದ ಸಾಲಿನವರು ಮಾತ್ರ ಸವರುತ್ತಾರೆ. ಯಾರಿಗೂ ಕಾರ್ಡ್ ಬದಲಿಸುವ ಗಡಿಬಿಡಿ ಇಲ್ಲ, ಆದರೆ ಯಾವಾಗ ಬದಲಾಗುತ್ತದೆ ಅಂತ ಎಲ್ಲರೂ ಕಿವಿಗೊಟ್ಟು ಕಾಯಬೇಕು. ಮುಂದಿನ ವಾರ ಸಾಲು ಅದಲುಬದಲು. ನಲವತ್ತು ನಿಮಿಷದ ಪೀರಿಯಡ್‌ಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ವಾದ್ಯ ಕಡಿಮೆ ಇರುವ ಶಾಲೆಯಲ್ಲಿ ಇಬ್ಬರಿಗೆ ಒಂದು ಕೊಟ್ಟು, ಒಬ್ಬರು ನುಡಿಸುವಾಗ ಇನ್ನೊಬ್ಬರು ಕೈಯಲ್ಲಿ ತಾಳ ಹಾಕಿ ಹಾಡುವುದೂ ನಡೆಯುತ್ತದೆ.

ಶ್ರುತಿ ನಿಲ್ಲುವುದಿಲ್ಲ ಯಾಕೆ?

ಹೊಸ ತಂತಿ ಕೆಲವು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ. ಬೆಳಗ್ಗೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಇಳಿದಿರುತ್ತದೆ. ವಾದ್ಯ ಕೆಟ್ಟದ್ದು ಅಂತ ಅಂಗಡಿಗೆ ಓಡಬೇಡಿ. ಕೂಡಿಸುತ್ತಾ ಹೋದರೆ ತಂತಿ ಒಂದು ಹದಕ್ಕೆ ಬಂದು ನಿಲ್ಲುತ್ತದೆ.

ಮೊಬೈಲಿನ ಟ್ಯೂನರ್ ಆ್ಯಪ್ ಮನೆಯಲ್ಲಿ ಸಾಕು, ಕ್ಲಾಸಿನಲ್ಲಿ ಸಾಲದು. ಅದು ಮೈಕಿನಲ್ಲಿ ಕೇಳಿಸಿಕೊಳ್ಳುತ್ತದೆ, ಗಲಾಟೆಯಲ್ಲಿ ಯಾರ ತಂತಿ ಅಂತ ಅದಕ್ಕೆ ತಿಳಿಯುವುದಿಲ್ಲ. ವಾದ್ಯದ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಮರದ ನಡುಕವನ್ನೇ ಹಿಡಿಯುತ್ತದೆ, ಪಕ್ಕದ ಸದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಅಂಥ ನಾಲ್ಕೈದು ಇದ್ದರೆ, ದೊಡ್ಡ ಕ್ಲಾಸಿನ ಕೆಲವು ಮಕ್ಕಳು ಪೀರಿಯಡ್‌ಗೆ ಮುಂಚೆ ಎಲ್ಲ ವಾದ್ಯಗಳ ಶ್ರುತಿ ಕೂಡಿಸಿಡಬಹುದು. ಚಿಕ್ಕ ಮಕ್ಕಳಿಗೆ ತಂತಿ ಬಿಗಿ ಮಾಡುವ ಬಿರಡೆ ಮುಟ್ಟಬೇಡಿ ಅಂತ ಹೇಳುವುದು ಸುಲಭ, ಮುಟ್ಟದ ಹಾಗೆ ನೋಡಿಕೊಳ್ಳುವುದು ಕಷ್ಟ.

ನಮ್ಮ ಮಳೆಗಾಲ ಮತ್ತು ಮರ

ಜೂನ್ ಬಂತೆಂದರೆ ಹಳೆಯ ಮನೆಯ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಪ್ಲೈವುಡ್ ಕಪಾಟಿನ ಬಾಗಿಲಿಗೆ ಆ ತೊಂದರೆ ಅಷ್ಟಿಲ್ಲ. ಯುಕುಲೇಲೆಯಲ್ಲೂ ಹಾಗೆಯೇ. ಇಡೀ ಮರದ ಹಲಗೆಯಿಂದ ಮಾಡಿದ್ದು ಗಾಳಿಯ ತೇವ ಹೀರಿ ಉಬ್ಬುತ್ತದೆ. ತೆಳು ಪದರಗಳನ್ನು ಅಂಟಿಸಿ ಮಾಡಿದ್ದು, ಅಂದರೆ ಲ್ಯಾಮಿನೇಟ್, ಅಷ್ಟು ಅಲುಗಾಡುವುದಿಲ್ಲ. ಸದ್ದು ಇಡೀ ಮರದ್ದೇ ಚೆಂದ. ಆದರೆ ಕರಾವಳಿಯ ಶಾಲೆಯ ಕಪಾಟಿನಲ್ಲಿ ಬಿದ್ದಿರುವ ವಾದ್ಯಕ್ಕೆ ಲ್ಯಾಮಿನೇಟ್ ಬುದ್ಧಿವಂತ ಆಯ್ಕೆ. ಅಗ್ಗವೂ ಹೌದು. ಚೀಲದೊಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ನೈಲಾನ್ ತಂತಿಗೆ ತುಕ್ಕು ಹಿಡಿಯುವುದಿಲ್ಲ, ಬಿರಡೆಯ ತೆರೆದ ಹಲ್ಲುಚಕ್ರಕ್ಕೆ ಹಿಡಿಯುತ್ತದೆ. ಮುಚ್ಚಿದ ಚಕ್ರದ್ದು ಸಿಕ್ಕಿದರೆ ಒಳ್ಳೆಯದು. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮಾತ್ರ ಯಾವುದನ್ನೂ ಬಿಡಬೇಡಿ, ಅಂಟು ಮೆತ್ತಗಾಗಿ, ಹೊಟ್ಟೆಯ ಮೇಲೆ ತಂತಿ ಕಟ್ಟಿರುವ ಪಟ್ಟಿ (ಬ್ರಿಡ್ಜ್) ಕಿತ್ತು ಬರುತ್ತದೆ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಎರಡು. ಖಾಲಿ ತಂತಿ ಮೀಟಿ, ಆಮೇಲೆ ಅದೇ ತಂತಿಯ 12ನೆಯ ಫ್ರೆಟ್ ಒತ್ತಿ ಮೀಟಿ. ಒಂದು ಸ್ಥಾಯಿ ಮೇಲಿನ ಅದೇ ಸ್ವರ ಬರಬೇಕು. ಬೇರೆ ಬಂದರೆ ಅದು ಆಟದ ಸಾಮಾನೇ, ಅಜ್ಜ ಹೇಳಿದ್ದು ಸರಿ. ಎರಡನೆಯದು, ಮೊದಲ ಫ್ರೆಟ್ ಒತ್ತುವುದಕ್ಕೆ ನಿಮಗೇ ಬಲ ಹಾಕಬೇಕಾದರೆ ತಂತಿ ಎತ್ತರ ಜಾಸ್ತಿ ಇದೆ ಅಂತ ಅರ್ಥ. ಮಗುವಿನ ಕೈಲಿ ಆಗುವುದಿಲ್ಲ.

ಮನೆಯವರು ಕೇಳುವ ಒಂದೆರಡು ಪ್ರಶ್ನೆ

ಮನೆಯಲ್ಲಿ ಎಷ್ಟು ಹೊತ್ತು ಅಭ್ಯಾಸ? ದಿನಕ್ಕೆ ಐದು ಹತ್ತು ನಿಮಿಷ. ಭಾನುವಾರ ಒಂದೇ ಸಲ ಒಂದು ಗಂಟೆ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು. ಚೀಲದೊಳಗಿದ್ದರೆ ಮಗು ತೆಗೆಯುವುದಿಲ್ಲ, ಕೈಗೆ ಸಿಗುವಲ್ಲಿ ಮೊಳೆಗೆ ನೇತು ಹಾಕಿದರೆ ತಾನಾಗಿ ತೆಗೆಯುತ್ತದೆ.

ಮಗು ಎಡಚ ಆದರೆ? ಎರಡೂ ಕೈಗೂ ಹೊಸ ಕೆಲಸವೇ ಆದ್ದರಿಂದ ಎಲ್ಲರ ಹಾಗೆಯೇ ಹಿಡಿಸಿ ನೋಡುವ ಟೀಚರ್‌ಗಳೇ ಜಾಸ್ತಿ. ಮಗುವಿಗೆ ಒಗ್ಗದೇ ಹೋದರೆ ತಂತಿಗಳ ಕ್ರಮ ತಿರುಗಿಸಿ ಕಟ್ಟಿಸಬಹುದು, ಆಗ ಬೋರ್ಡಿನ ಚಿತ್ರವನ್ನೂ ತಿರುಗಿಸಿ ಓದಿಕೊಳ್ಳಬೇಕು.

ಇದು ಕಲಿತರೆ ಮುಂದೆ ಗಿಟಾರ್‌ಗೆ ಉಪಯೋಗವಾ? ಆಗುತ್ತದೆ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳಲ್ಲೂ ಬೆರಳಿನ ಆಕಾರ ಇದೇ, ಕಾರ್ಡಿನ ಹೆಸರು ಮಾತ್ರ ಬದಲಾಗುತ್ತದೆ. ಯುಕುಲೇಲೆಯ ಸಿ ಅಲ್ಲಿ ಜಿ ಆಗುತ್ತದೆ, ಎಫ್ ಅಲ್ಲಿ ಸಿ ಆಗುತ್ತದೆ. ಪಕ್ಕದ ಮನೆಯ ಗಿಟಾರ್ ಅಂಕಲ್‌ಗೂ ಹಾಗೆಯೇ. ಹೆಸರು ಬದಲಿಸಿಕೊಂಡರೆ ಅವರು ನಿಮ್ಮ ಮಗುವಿಗೆ ಈ ಸಂಜೆಯೇ ಎರಡು ಕಾರ್ಡ್ ತೋರಿಸಬಲ್ಲರು.